ಮಕ್ಕಳನ್ನು ಪ್ರವೇಶ ಸಂಸ್ಕಾರಗಳಿಗೆ ಸಿದ್ಧಪಡಿಸುವುದರಲ್ಲಿ ಮಾತಾಪಿತೃಗಳ ಕರ್ತವ್ಯ



ಈ ಸ್ಮರಣ ಸಂಚಿಕೆಗೆ ಹಳೆಯ ಉಪಾಧ್ಯಾಯಿನಿಯೊಬ್ಬಳಿಂದ ಒಂದು ಲೇಖನವು ಬೇಕೆಂದು ಕೇಳಿದಾಗ, ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ನಿಂತಿರುವ ಒಂದು ವಿಷಯವನ್ನೇ ಬರೆಯಬೇಕೆಂದು ನಿಶ್ಚಯಿಸಿದೆನು. ನಿಮ್ಮಲ್ಲಿ ಅನೇಕರು ಈಗ ತಾಯಂದಿರು. ಕೆಲವರು ಅಜ್ಜಿಯರೂ ಆಗಿರುವಿರಿ. ಮಕ್ಕಳನ್ನು ಜ್ಞಾನೋಪದೇಶದ ತರಗತಿಗೆ ಕಳುಹಿಸಿದೊಡನೆ ನಮ್ಮ ಕೆಲಸವು ತೀರಿತೆಂದು ಭಾವಿಸುವ ಪದ್ಧತಿಯು ನಮ್ಮಲ್ಲಿ ಹೆಚ್ಚಾಗಿದೆ. ಈ ಭಾವನೆಯು ಸರಿಯಲ್ಲವೆಂಬುದನ್ನೂ, ಈ ಕಾರ್ಯದಲ್ಲಿ ಮನೆಯ ಪಾಲು ಎಷ್ಟೆಂಬುದನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮುಂಚಿತವಾಗಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ನ್ಯಾಯವಾಗಿದೆ.

ನಾನು ಉಪಾಧ್ಯಾಯಿನಿಯಾದ ಹೊಸದರಲ್ಲಿ ಪ್ರಥಮ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಆ ತರಗತಿಯಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯಿದ್ದಳು. ಅವಳ ತಾಯಿ ಮನೆಯಲ್ಲಿ ಊದುಬತ್ತಿ ಹೊಸೆದು ಜೀವನ ಸಾಗಿಸುತ್ತಿದ್ದರು. ಹುಡುಗಿಯು ಸೌಮ್ಯ ಸ್ವಭಾವದವಳು. ಆದರೆ ಉಪದೇಶ ಪುಸ್ತಕದ ಪ್ರಶ್ನೋತ್ತರಗಳು ಅವಳ ನಾಲಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಇಂದು ಒಪ್ಪಿಸಿದ ಪಾಠವು ನಾಳೆಗೆ ಮರೆತುಹೋಗುತ್ತಿತ್ತು. ಉಳಿದ ಮಕ್ಕಳೆಲ್ಲರೂ ಗಿಣಿಗಳಂತೆ ಸರಾಗವಾಗಿ ಹೇಳುತ್ತಿರಲು, ಇವಳೊಬ್ಬಳು ಮಾತ್ರ ತಡವರಿಸುವುದನ್ನು ಕಂಡು, “ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ” ಎಂದು ನಾನು ತೀರ್ಮಾನಿಸಿದೆನು. ನನ್ನ ಮಾತನ್ನು ನಂಬಿ ವಿಚಾರಣಾ ಗುರುಗಳೂ ಒಪ್ಪಿದರು. ತಾಯಿಯು ಸಂಜೆ ಬಂದು, “ಟೀಚರಮ್ಮಾ, ಅಲ್ಲಿ ಇರೋದು ಯಾರು ಅಂತ ಅವಳಿಗೆ ಗೊತ್ತು, ಹೇಳೋಕೆ ಬರಲ್ಲ, ಅಷ್ಟೆ” ಎಂದು ಹೇಳಿ, ನಾನು ಉತ್ತರ ಕೊಡದಿರಲು ಸುಮ್ಮನೆ ಹಿಂದಿರುಗಿದರು. ಹಬ್ಬದ ದಿವಸ ಆ ಹುಡುಗಿಯು ದೇವಾಲಯದ ಹಿಂದಿನ ಸಾಲಿನಲ್ಲಿ ಮೊಣಕಾಲೂರಿದ್ದಳು. ಪೂಜೆ ಮುಗಿದ ಮೇಲೆ ನನ್ನ ಬಳಿಗೆ ಬಂದು, “ಟೀಚರ್, ಸ್ವಾಮಿ ನನ್ನ ಹತ್ತಿರ ಯಾವಾಗ ಬರ್ತಾರೆ?” ಎಂದು ಕೇಳಿದಳು. ಇದಕ್ಕಿಂತ ಉತ್ತಮವಾದ ಉತ್ತರವು ಯಾವ ಉಪದೇಶ ಪುಸ್ತಕದಲ್ಲಿದೆ? ಅವಳು ಸಿದ್ಧಳಾಗಿದ್ದಳು, ಅದನ್ನು ತಿಳಿಯಲು ನಾನು ಸಿದ್ಧಳಾಗಿರಲಿಲ್ಲ.

ಸಂಸ್ಕಾರಗಳು ಮೂರು, ಪ್ರವೇಶ ಒಂದೇ

ಕಥೋಲಿಕ ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ ಜ್ಞಾನಸ್ನಾನ, ದೃಢೀಕರಣ ಮತ್ತು ಪರಮಪ್ರಸಾದ ಎಂಬ ಮೂರನ್ನು ಪ್ರವೇಶ ಸಂಸ್ಕಾರಗಳೆಂದು ಕರೆಯುತ್ತಾರೆ. ಜ್ಞಾನಸ್ನಾನದಿಂದ ನವಜನ್ಮವೂ, ದೃಢೀಕರಣದಿಂದ ಬಲವೂ, ಪರಮಪ್ರಸಾದದಿಂದ ಪೋಷಣೆಯೂ ದೊರೆಯುತ್ತವೆ. ಹುಟ್ಟಿದ ಕೂಸಿಗೆ ಉಸಿರೂ ಹಾಲೂ ಹೇಗೆ ಒಟ್ಟೊಟ್ಟಿಗೆ ಬೇಕೋ, ಹಾಗೆಯೇ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ.

ಆದಿಯ ಶತಮಾನಗಳಲ್ಲಿ ಇವು ಮೂರನ್ನೂ ಪಾಸ್ಖ ಹಬ್ಬದ ಜಾಗರಣೆಯ ರಾತ್ರಿಯಲ್ಲಿಯೇ ಕೊಡುವ ಪದ್ಧತಿಯಿದ್ದಿತು. ಸಂತ ಅಗಸ್ಟೀನರು ೩೮೭ನೆಯ ಇಸವಿಯ ಪಾಸ್ಖ ಜಾಗರಣೆಯಲ್ಲಿ ಮಿಲಾನ್ ನಗರದ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರ ಕೈಯಿಂದ ಜ್ಞಾನಸ್ನಾನವನ್ನು ಪಡೆದರು. ಅದೇ ಶತಮಾನದಲ್ಲಿ ಜೆರುಸಲೇಮಿನ ಸಂತ ಸಿರಿಲರು ದೀಕ್ಷಾರ್ಥಿಗಳಿಗೆ ಮಾಡಿದ ಉಪದೇಶಗಳು ಇಂದಿಗೂ ಉಳಿದಿವೆ. ಕಾಲಕ್ರಮದಲ್ಲಿ ಸಭೆಯು ಹಳ್ಳಿಹಳ್ಳಿಗೂ ಹರಡಿತು. ಪ್ರತಿಯೊಂದು ಜ್ಞಾನಸ್ನಾನಕ್ಕೂ ಧರ್ಮಾಧ್ಯಕ್ಷರು ಬರುವುದು ಅಸಾಧ್ಯವಾಯಿತು. ಪೂರ್ವದೇಶದ ಸಭೆಗಳು ಗುರುಗಳಿಗೇ ತೈಲಲೇಪನದ ಅಧಿಕಾರವನ್ನು ಕೊಟ್ಟು, ಶಿಶುವಿಗೆ ಜ್ಞಾನಸ್ನಾನದೊಂದಿಗೇ ದೃಢೀಕರಣವನ್ನೂ ಕೊಡುವ ಕ್ರಮವನ್ನು ಉಳಿಸಿಕೊಂಡವು. ಪಶ್ಚಿಮದ ಲತೀನ್ ಸಭೆಯು ದೃಢೀಕರಣವನ್ನು ಧರ್ಮಾಧ್ಯಕ್ಷರಿಗೇ ಕಾದಿರಿಸಿತು. ಆದುದರಿಂದಲೇ ನಮ್ಮ ಮಕ್ಕಳು ಕೈಗೂಸಾಗಿರುವಾಗ ಒಂದನ್ನು, ತಿಳುವಳಿಕೆ ಬಂದಾಗ ಇನ್ನೊಂದನ್ನು, ಮತ್ತಷ್ಟು ಬೆಳೆದಾಗ ಮಗದೊಂದನ್ನು ಪಡೆಯುತ್ತಾರೆ. ಮೂರರ ನಡುವೆ ವರ್ಷಗಳು ಕಳೆದರೂ ಅವು ಒಂದೇ ಮನೆಯ ಮೂರು ಮೆಟ್ಟಿಲುಗಳು ಎಂಬುದನ್ನು ತಾಯಿತಂದೆಗಳು ಮರೆಯಬಾರದು.

ವಯಸ್ಸಿನ ವಿಚಾರ

ಪರಮಪ್ರಸಾದಕ್ಕೆ ಎಷ್ಟು ವಯಸ್ಸಾಗಿರಬೇಕು? ೧೨೧೫ನೆಯ ಇಸವಿಯಲ್ಲಿ ಸೇರಿದ ನಾಲ್ಕನೆಯ ಲಾತೆರನ್ ಮಹಾಸಭೆಯು, ವಿವೇಚನೆಯ ವಯಸ್ಸನ್ನು ಮುಟ್ಟಿದ ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ, ಪಾಸ್ಖ ಕಾಲದಲ್ಲಿ ಪರಮಪ್ರಸಾದವನ್ನು ಸ್ವೀಕರಿಸಬೇಕೆಂದು ವಿಧಿಸಿತು. ಆದರೆ ವಿವೇಚನೆಯ ವಯಸ್ಸೆಂದರೆ ಯಾವುದೆಂಬ ವಿಷಯದಲ್ಲಿ ದೇಶದೇಶಕ್ಕೂ ಭೇದವುಂಟಾಯಿತು. ಪಾಪನಿವೇದನೆಗೆ ಒಂದು ವಯಸ್ಸು, ಪರಮಪ್ರಸಾದಕ್ಕೆ ಅದಕ್ಕಿಂತ ಹೆಚ್ಚಿನ ವಯಸ್ಸು ಎಂದು ವಿಂಗಡಿಸಿ, ಅನೇಕ ಕಡೆಗಳಲ್ಲಿ ಹತ್ತು, ಹನ್ನೆರಡು, ಹದಿನಾಲ್ಕು ವರ್ಷಗಳವರೆಗೂ ಮಕ್ಕಳನ್ನು ಬಲಿಪೀಠದಿಂದ ದೂರವಿರಿಸುತ್ತಿದ್ದರು.

ಈ ಪದ್ಧತಿಗೆ ಕೊನೆಗಾಣಿಸಿದವರು ಜಗದ್ಗುರು ಹತ್ತನೆಯ ಪಿಯುಸರು. ಇಟಲಿಯ ರಿಯೆಸೆ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿ, ಬಹು ವರ್ಷ ವಿಚಾರಣಾ ಗುರುವಾಗಿ ಸಾಮಾನ್ಯ ಜನರ ಮಕ್ಕಳಿಗೆ ಜ್ಞಾನೋಪದೇಶ ಮಾಡಿದ ಅವರಿಗೆ ಮಕ್ಕಳ ಮನಸ್ಸು ಚೆನ್ನಾಗಿ ತಿಳಿದಿತ್ತು. ಅವರ ಆಳ್ವಿಕೆಯಲ್ಲಿ, ೧೯೧೦ನೆಯ ಇಸವಿ ಆಗಸ್ಟ್ ೮ರಂದು ಹೊರಟ ಆಜ್ಞಾಪತ್ರಿಕೆಯು ವಿವೇಚನೆಯ ವಯಸ್ಸು ಸುಮಾರು ಏಳನೆಯ ವರ್ಷವೆಂದೂ, ಪಾಪನಿವೇದನೆಗೂ ಪರಮಪ್ರಸಾದಕ್ಕೂ ಅದೇ ವಯಸ್ಸೆಂದೂ ಸ್ಪಷ್ಟಪಡಿಸಿತು. ನಿರ್ದೋಷಿಗಳಾದ ಮಕ್ಕಳನ್ನು ದೂರವಿಟ್ಟುದರಿಂದ, ಅವರು ಬಲವನ್ನು ಪಡೆಯುವುದಕ್ಕೆ ಮುಂಚೆಯೇ ದುರಭ್ಯಾಸಗಳಿಗೆ ಸಿಕ್ಕಿಬಿದ್ದರೆಂದು ಅದು ವ್ಯಸನಪಟ್ಟಿತು. ೧೯೫೪ರಲ್ಲಿ ಪಿಯುಸರನ್ನು ಸಂತರೆಂದು ಸಾರಲಾಯಿತು.

ಮಗುವು ತಿಳಿದಿರಬೇಕಾದುದೇನು?

ಆ ಆಜ್ಞಾಪತ್ರಿಕೆಯನ್ನು ನಾನು ಮೊದಲು ಓದಿದುದು ಮೇಲೆ ಹೇಳಿದ ಪ್ರಸಂಗವು ನಡೆದ ಬಳಿಕ. ಓದಿ ನಾಚಿದೆನು. ಏಕೆಂದರೆ ಪ್ರಥಮ ಪರಮಪ್ರಸಾದಕ್ಕೆ ಜ್ಞಾನೋಪದೇಶದ ಪೂರ್ಣ ಜ್ಞಾನವು ಅಗತ್ಯವಿಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ರಕ್ಷಣೆಗೆ ಅವಶ್ಯವಾದ ವಿಶ್ವಾಸದ ಮುಖ್ಯ ರಹಸ್ಯಗಳನ್ನು ಮಗುವು ತನ್ನ ಶಕ್ತಿಗೆ ತಕ್ಕಂತೆ ಗ್ರಹಿಸಿರಬೇಕು. ಪರಮಪ್ರಸಾದದ ರೊಟ್ಟಿಯನ್ನು ಸಾಧಾರಣ ರೊಟ್ಟಿಯಿಂದ ಬೇರೆಯೆಂದು ತಿಳಿದಿರಬೇಕು. ತನ್ನ ವಯಸ್ಸಿಗೆ ತಕ್ಕ ಭಕ್ತಿಯಿಂದ ಬಳಿಗೆ ಬರಬೇಕು. ಇಷ್ಟೇ. ಉಳಿದುದನ್ನು ಆಮೇಲೆ ಕ್ರಮವಾಗಿ ಕಲಿಯತಕ್ಕದ್ದೆಂದು ಅದೇ ಆಜ್ಞೆಯು ವಿಧಿಸಿದೆ.

ಇದನ್ನು ನಮ್ಮ ನಾಡಿನ ಒಂದು ಪದ್ಧತಿಯಿಂದ ಸುಲಭವಾಗಿ ತಿಳಿಯಬಹುದು. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಹಿರಿಯರು ಮಗುವಿನ ಬೆರಳು ಹಿಡಿದು ಮೊದಲನೆಯ ಅಕ್ಷರವನ್ನು ಬರೆಯಿಸುತ್ತಾರೆ. ವ್ಯಾಕರಣವು ಬಾರದೆಂದು ಯಾರಾದರೂ ಆ ದಿನವನ್ನು ಮುಂದಕ್ಕೆ ಹಾಕುವರೇ? ಬರೆಯುತ್ತ ಬರೆಯುತ್ತ ಭಾಷೆಯು ಬರುವುದು. ಹಾಗೆಯೇ ಸ್ವಾಮಿಯ ಭೋಜನಕ್ಕೆ ಬರುತ್ತ ಬರುತ್ತ ಮಗುವಿನ ವಿಶ್ವಾಸವು ಬೆಳೆಯುವುದು.

ಕಂಠಪಾಠವು ನಿರುಪಯೋಗವೆಂದು ನಾನು ಹೇಳುವುದಿಲ್ಲ. ಶಿಲುಬೆಯ ಗುರುತು, ಪರಲೋಕ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸ ಪ್ರಮಾಣ ಇವು ಬಾಲ್ಯದಲ್ಲಿ ಬಾಯಿಗೆ ಬಂದರೆ ಮುಪ್ಪಿನಲ್ಲಿಯೂ ಬಿಟ್ಟುಹೋಗವು. ಆದರೆ ಕಂಠಪಾಠವು ಬಾಗಿಲು ತೆರೆಯುವ ಕೀಲಿಯಾಗಬೇಕೇ ಹೊರತು ಬಾಗಿಲಿಗೆ ಹಾಕುವ ಬೀಗವಾಗಬಾರದು. ದೇಹದಲ್ಲಿಯಾಗಲಿ ಬುದ್ಧಿಯಲ್ಲಿಯಾಗಲಿ ಕೊರತೆಯುಳ್ಳವರಿಗೂ ಅವರ ಸ್ಥಿತಿಗೆ ತಕ್ಕ ಉಪದೇಶವನ್ನು ಕೊಡಬೇಕೆಂದು ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯು ವಿಚಾರಣಾ ಗುರುಗಳಿಗೆ ಆಜ್ಞಾಪಿಸಿದೆ. ಅದೇ ಸಂಹಿತೆಯ ೯೧೪ನೆಯ ವಿಧಿಯಲ್ಲಿ, ಮಕ್ಕಳನ್ನು ಪರಮಪ್ರಸಾದಕ್ಕೆ ಸಿದ್ಧಪಡಿಸುವ ಹೊಣೆಯು ಯಾರದೆಂದು ಹೇಳುವಾಗ, ಎಲ್ಲರಿಗಿಂತ ಮುಂದಾಗಿ ತಾಯಿತಂದೆಗಳ ಹೆಸರು ಬರುತ್ತದೆ; ಆಮೇಲೆ ವಿಚಾರಣಾ ಗುರುಗಳದು. ಶಾಲೆಯೂ ಉಪಾಧ್ಯಾಯಿನಿಯೂ ಸಹಾಯಕರು ಮಾತ್ರ.

“ನಾವು ಹೆಚ್ಚು ಓದಿದವರಲ್ಲ, ನಮ್ಮಿಂದ ಏನಾದೀತು?” ಎಂದು ಕೆಲವು ತಾಯಂದಿರು ಕೇಳುವುದುಂಟು. ಸಂಸ್ಕಾರಗಳೆಲ್ಲವೂ ಕಣ್ಣಿಗೆ ಕಾಣುವ, ಕೈಗೆ ತಾಗುವ ವಸ್ತುಗಳಿಂದ ನಡೆಯುವಂಥವು. ನೀರು, ರೊಟ್ಟಿ, ಎಣ್ಣೆ, ಇವು ಮೂರೂ ನಿಮ್ಮ ಮನೆಯಲ್ಲಿಯೇ ಇವೆ. ಪಾಠವನ್ನು ಅಲ್ಲಿಂದಲೇ ಆರಂಭಿಸಿರಿ.

ನೀರಿನ ಪಾಠ

ಶಿಶುವಿಗೆ ಹುಟ್ಟಿದ ಮೊದಲ ವಾರಗಳಲ್ಲಿಯೇ ಜ್ಞಾನಸ್ನಾನವನ್ನು ಕೊಡಿಸಬೇಕೆಂಬುದು ವಿಧಿ. ಕೂಸು ಏನನ್ನೂ ಕಲಿಯಲಾರದಾದುದರಿಂದ ಇಲ್ಲಿ ಸಿದ್ಧರಾಗಬೇಕಾದವರು ತಾಯಿತಂದೆಗಳೂ ಜ್ಞಾನಪೋಷಕರೂ ಆಗಿರುತ್ತಾರೆ. ೧೯೬೯ರಲ್ಲಿ ಪ್ರಕಟವಾದ ಶಿಶುಗಳ ಜ್ಞಾನಸ್ನಾನದ ಹೊಸ ವಿಧಿಯಲ್ಲಿ ಗುರುಗಳು ತಾಯಿತಂದೆಗಳನ್ನೇ ನೇರವಾಗಿ ಪ್ರಶ್ನಿಸಿ, ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆಯನ್ನು ಅರಿತಿರುವರೇ ಎಂದು ಕೇಳುತ್ತಾರೆ. ಆ ಉತ್ತರವನ್ನು ಕೊಟ್ಟವರು ನೀವೇ ಎಂಬುದು ನೆನಪಿರಲಿ.

ಜ್ಞಾನಪೋಷಕರನ್ನು ಆರಿಸುವಾಗ ಬಳಗದವರ ಮನಸ್ತಾಪವನ್ನೂ ಉಡುಗೊರೆಯ ತೂಕವನ್ನೂ ನೋಡುವುದು ರೂಢಿಯಾಗಿದೆ. ಧರ್ಮಸಭೆಯು ನೋಡುವುದು ಬೇರೆ. ಅವರು ಸಾಮಾನ್ಯವಾಗಿ ಹದಿನಾರು ವರ್ಷ ತುಂಬಿದವರೂ, ದೃಢೀಕರಣ ಹಾಗೂ ಪರಮಪ್ರಸಾದಗಳನ್ನು ಪಡೆದವರೂ, ವಿಶ್ವಾಸಕ್ಕೆ ತಕ್ಕಂತೆ ಬಾಳುವ ಕಥೋಲಿಕರೂ ಆಗಿರಬೇಕು. ಹೆತ್ತ ತಾಯಿತಂದೆಗಳು ಆಗಕೂಡದು. ಅದೇ ವ್ಯಕ್ತಿಯು ದೃಢೀಕರಣದಲ್ಲಿಯೂ ಪೋಷಕನಾಗಿ ನಿಲ್ಲುವುದು ಉತ್ತಮವೆಂದು ಸಂಹಿತೆಯು ಹೇಳುತ್ತದೆ. ಹತ್ತು ಹನ್ನೆರಡು ವರ್ಷಗಳಾದ ಮೇಲೂ ಮಗುವಿನ ಜೊತೆಯಲ್ಲಿ ನಿಲ್ಲಬಲ್ಲವರನ್ನು ಆರಿಸಿಕೊಳ್ಳಿರಿ.

ನಿಮ್ಮಲ್ಲಿ ದಾದಿಯರೂ ವೈದ್ಯೆಯರೂ ಇರುವುದರಿಂದ ಒಂದು ಮಾತು. ಕಥೋಲಿಕ ದಂಪತಿಗಳ ಶಿಶುವು ಪ್ರಾಣಾಪಾಯದಲ್ಲಿದ್ದು ಗುರುಗಳು ದೊರೆಯದಿದ್ದರೆ, ಅವರ ಕೋರಿಕೆಯಂತೆ ಯಾರು ಬೇಕಾದರೂ ಜ್ಞಾನಸ್ನಾನವನ್ನು ಕೊಡಬಹುದು. ಧರ್ಮಸಭೆಯು ಮಾಡುವುದನ್ನೇ ತಾನೂ ಮಾಡುತ್ತಿರುವೆನೆಂಬ ಉದ್ದೇಶದಿಂದ, ಶಿಶುವಿನ ತಲೆಯ ಮೇಲೆ ನೀರನ್ನು ಹರಿಯುವಂತೆ ಸುರಿಯುತ್ತ, ಹೆಸರು ಹಿಡಿದು, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಮಾಡಿಸುತ್ತೇನೆಂದು ಹೇಳಬೇಕು. ಆಮೇಲೆ ವಿಚಾರಣಾ ಗುರುಗಳಿಗೆ ತಿಳಿಸತಕ್ಕದ್ದು.

ಮಗುವು ಬೆಳೆದು ಮಾತನಾಡುವಂತಾದಾಗ ಜ್ಞಾನಸ್ನಾನದ ದಿನವನ್ನು ನೆನಪಿಸಿರಿ. ಜನ್ಮದಿನವನ್ನು ಆಚರಿಸುವ ನಾವು ಆ ದಿನಾಂಕವನ್ನೇ ಅರಿಯದಿರುವುದು ಶೋಚನೀಯ. ಆ ದಿನ ತೊಡಿಸಿದ ಬಿಳಿಯ ವಸ್ತ್ರವನ್ನು ತೋರಿಸಿರಿ. ಪಾಸ್ಖ ದೀಪದಿಂದ ಹೊತ್ತಿಸಿಕೊಂಡ ಮೇಣದ ಬತ್ತಿಯು ಉಳಿದಿದ್ದರೆ ಪುನಃ ಹೊತ್ತಿಸಿರಿ. ದೇವಾಲಯದ ಬಾಗಿಲಲ್ಲಿ ತೀರ್ಥದಲ್ಲಿ ಬೆರಳದ್ದಿ ಶಿಲುಬೆಯ ಗುರುತು ಹಾಕುವಾಗ, “ಇದು ನಿನ್ನ ಜ್ಞಾನಸ್ನಾನದ ನೆನಪು, ಮಗು” ಎಂದು ಒಮ್ಮೆ ಹೇಳಿದರೆ ಸಾಕು. ೧೯೫೧ರಲ್ಲಿ ಪಾಸ್ಖ ಜಾಗರಣೆಯನ್ನು ಸುಧಾರಿಸಿದಾಗ ಜ್ಞಾನಸ್ನಾನದ ವಾಗ್ದಾನಗಳನ್ನು ಎಲ್ಲರೂ ನವೀಕರಿಸುವ ಕ್ರಮವು ಬಂದಿತು. ನಿದ್ದೆಗೆಡುವುದೆಂದು ಮಕ್ಕಳನ್ನು ಆ ರಾತ್ರಿ ಮನೆಯಲ್ಲಿ ಬಿಡದಿರಿ.

ರೊಟ್ಟಿಯ ಪಾಠ

ಎಲ್ಲರೂ ಕೂಡಿ ಉಣ್ಣುವ ಮನೆಯ ಮಗುವಿಗೆ ಪರಮಪ್ರಸಾದವನ್ನು ತಿಳಿಸುವುದು ಸುಲಭ. ಊಟಕ್ಕೆ ಮುಂಚೆ ಪ್ರಾರ್ಥಿಸುವುದು, ಹಸಿದು ಬಂದವರಿಗೆ ಒಂದು ತುತ್ತು ಎತ್ತಿಡುವುದು, ಮುನಿಸಿಕೊಂಡ ತಮ್ಮನನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುವುದು, ಇವೆಲ್ಲವೂ ಆ ಪಾಠದ ಭಾಗಗಳೇ. ತರುವಾಯ ಯೇಸುಸ್ವಾಮಿಯು ಮರಣದ ಮುನ್ನಾರಾತ್ರಿ ಶಿಷ್ಯರೊಡನೆ ಮಾಡಿದ ಭೋಜನದ ಕಥೆಯನ್ನು ಹೇಳಿರಿ. ಭಾನುವಾರ ಮಗುವನ್ನು ಬಲಿಪೀಠವು ಕಾಣುವ ಕಡೆಯಲ್ಲಿ ಕೂರಿಸಿಕೊಂಡು, ಗುರುಗಳು ಏನು ಮಾಡುತ್ತಿರುವರೆಂದು ಮೆಲ್ಲಗೆ ತಿಳಿಸಿರಿ. ಆ ರೊಟ್ಟಿಯು ಇನ್ನು ರೊಟ್ಟಿಯಲ್ಲ, ಸ್ವಾಮಿಯೇ ಎಂಬುದನ್ನು ಮಗುವು ಮೊದಲು ಕಲಿಯುವುದು ನಮ್ಮ ನಡೆಯನ್ನು ನೋಡಿ. ಪೂಜೆಯ ವೇಳೆಯಲ್ಲಿ ನಾವೇ ಹರಟುತ್ತಿದ್ದರೆ ಯಾವ ಪುಸ್ತಕವು ಅದನ್ನು ಕಲಿಸೀತು?

ಭಾಷೆಯ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಪೂಜೆಯು ಲತೀನಿನಲ್ಲಿ ನಡೆಯುತ್ತಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ (೧೯೬೨–೬೫) ತರುವಾಯ ಅದು ದೇಶಭಾಷೆಗಳಿಗೆ ಬಂದಿತು. ಆದರೆ ಕರ್ನಾಟಕದ ಅನೇಕ ಕಥೋಲಿಕ ಮಕ್ಕಳು ಮನೆಯಲ್ಲಿ ಕೊಂಕಣಿ ಅಥವಾ ತಮಿಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂಬಂತೆ ಬೆಳೆಯುತ್ತಾರೆ. ಜ್ಞಾನೋಪದೇಶವು ಯಾವ ಭಾಷೆಯಲ್ಲಿ ನಡೆದರೂ, ಮಗುವು ತಾಯಿಯನ್ನು ಕರೆಯುವ ಭಾಷೆಯಲ್ಲಿಯೇ ದೇವರನ್ನು ಕರೆಯಲು ಮೊದಲು ಕಲಿಯಲಿ. ಆ ಭಾಷೆಯನ್ನು ಕೊಡತಕ್ಕವರು ನೀವು.

ಪ್ರಥಮ ಪರಮಪ್ರಸಾದಕ್ಕೆ ಮುಂಚೆ ಪಾಪನಿವೇದನೆಯು ನಡೆಯಬೇಕು. ಇಲ್ಲಿ ದೊಡ್ಡ ಕೇಡು ಭಯದಿಂದ ಬರುತ್ತದೆ. “ತಾಳು, ಗುರುಗಳಿಗೆ ಹೇಳುತ್ತೇನೆ” ಎಂದು ಮಗುವನ್ನು ಬೆದರಿಸುವ ತಾಯಿಯು ಅದರ ಪಾಪನಿವೇದನೆಯನ್ನು ಆಗಲೇ ಕೆಡಿಸಿದಳು. ಅದರ ಬದಲು, ರಾತ್ರಿ ಮಲಗುವ ಮುಂಚೆ, “ಈ ದಿನ ಯಾವುದಕ್ಕೆ ಸಂತೋಷವಾಯಿತು? ಯಾರ ಮನಸ್ಸನ್ನು ನೋಯಿಸಿದೆ?” ಎಂದು ಮಗುವಿನೊಡನೆ ಕುಳಿತು ಕೇಳಿರಿ. ನಿಮ್ಮದೇ ತಪ್ಪಿದ್ದರೆ ಮಗುವಿನ ಮುಂದೆಯೇ ಕ್ಷಮೆ ಕೇಳಿರಿ. ಕ್ಷಮೆಯನ್ನು ಮನೆಯಲ್ಲಿ ಕಂಡ ಮಗುವು ಅದನ್ನು ದೇವಾಲಯದಲ್ಲಿ ನಂಬುವುದು.

ಪರಮಪ್ರಸಾದಕ್ಕೆ ಮುಂಚಿನ ಉಪವಾಸವೂ ಹೀಗೆಯೇ. ೧೯೫೩ಕ್ಕೆ ಹಿಂದೆ ನಡುರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. ಆ ವರ್ಷ ನೀರಿಗೆ ಅನುಮತಿಯು ದೊರೆಯಿತು, ೧೯೫೭ರಲ್ಲಿ ಉಪವಾಸವು ಮೂರು ಗಂಟೆಗೂ, ೧೯೬೪ರಲ್ಲಿ ಒಂದು ಗಂಟೆಗೂ ಇಳಿಯಿತು. ಅವಧಿಯು ಕಡಿಮೆಯಾದುದು ನಮ್ಮ ಅಲಕ್ಷ್ಯಕ್ಕಾಗಿ ಅಲ್ಲ. ಈ ಅಲ್ಪ ಹಸಿವು ಯಾರಿಗಾಗಿ ಎಂದು ಮಗುವಿಗೆ ತಿಳಿಸಿದರೆ, ಆ ಒಂದು ಗಂಟೆಯೂ ಪ್ರಾರ್ಥನೆಯಾಗುವುದು.

ಇನ್ನು ಬಿಳಿಯ ಉಡುಪು, ಹೂವಿನ ಮುಡಿ, ಬಂಧುಗಳ ಔತಣ. ಹಬ್ಬವು ಬೇಡವೆನ್ನಲಾರೆನು. ಆದರೆ ಸಾಲ ಮಾಡಿ ಉಡುಪು ಹೊಲಿಸುವುದೂ, ಹಣವಿಲ್ಲವೆಂದು ಸಂಸ್ಕಾರವನ್ನೇ ಮುಂದಕ್ಕೆ ಹಾಕುವುದೂ ನಮ್ಮಲ್ಲಿ ನಡೆಯುತ್ತಿವೆ. ಆ ದಿನದ ಬಿಳಿಯ ಬಣ್ಣವು ಜ್ಞಾನಸ್ನಾನದ ವಸ್ತ್ರದ ನೆನಪು. ಒಗೆದು ಮಡಿಸಿದ ಸಾಧಾರಣ ಬಿಳಿಯ ಬಟ್ಟೆಯೂ ಅದನ್ನೇ ಹೇಳುತ್ತದೆ.

ಎಣ್ಣೆಯ ಪಾಠ

ಕೂಸಿಗೆ ಎಣ್ಣೆ ತೀಡಿ ನೀರು ಹಾಕುವ ಅಜ್ಜಿಯನ್ನು ಕಂಡ ಮಗುವಿಗೆ ತೈಲವು ಬಲಕ್ಕಾಗಿ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆಲಿವ್ ಮುಂತಾದ ಎಣ್ಣೆಗೆ ಸುಗಂಧದ್ರವ್ಯವನ್ನು ಬೆರೆಸಿ, ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರು ತಮ್ಮ ಗುರುಗಳೊಡನೆ ಅಭಿಮಂತ್ರಿಸಿದ ತೈಲವೇ ದೃಢೀಕರಣದಲ್ಲಿ ಹಣೆಯ ಮೇಲೆ ಶಿಲುಬೆಯಾಕಾರವಾಗಿ ಲೇಪಿಸಲ್ಪಡುತ್ತದೆ. ಹಳೆಯ ವಿಧಿಯಲ್ಲಿ ಧರ್ಮಾಧ್ಯಕ್ಷರು ಕೆನ್ನೆಯನ್ನು ಮೆಲ್ಲಗೆ ತಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ೧೯೭೧ರ ವಿಧಿಯಲ್ಲಿ ಅದನ್ನು ಬಿಡಲಾಗಿದೆ. ಜ್ಞಾನ, ತಿಳುವಳಿಕೆ, ಸದಾಲೋಚನೆ, ಧೈರ್ಯ, ಅರಿವು, ಭಕ್ತಿ, ದೇವಭಯ ಎಂಬ ಏಳು ವರಗಳನ್ನು ಪವಿತ್ರಾತ್ಮರು ಅನುಗ್ರಹಿಸುತ್ತಾರೆ.

ಲತೀನ್ ಸಭೆಯಲ್ಲಿ ಇದಕ್ಕೂ ವಿವೇಚನೆಯ ವಯಸ್ಸೇ ಸಾಕು. ಬೇರೆ ವಯಸ್ಸನ್ನು ಗೊತ್ತುಪಡಿಸುವ ಅಧಿಕಾರವು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಲಿಗಿದೆ. ಪಿಯುಸರ ಆಜ್ಞೆಯಿಂದ ಪರಮಪ್ರಸಾದವು ಎಳವೆಗೆ ಬಂದುದರಿಂದ ಅನೇಕ ಕಡೆಗಳಲ್ಲಿ ದೃಢೀಕರಣವು ಕೊನೆಯದಾಗಿ ಉಳಿದಿದೆ. ಇದರಿಂದ ಅದು ಜ್ಞಾನೋಪದೇಶದ ಶಾಲೆಯಿಂದ ಹೊರಬೀಳುವ ಅರ್ಹತಾಪತ್ರವೋ ಎಂಬಂತಾಗಿರುವುದು ದುಃಖಕರ. ಆ ದಿನದ ಮಾರನೆಯ ಭಾನುವಾರದಿಂದಲೇ ಕಾಣದಾಗುವ ಮಕ್ಕಳೆಷ್ಟು ಮಂದಿ! ೧೯೯೨ರ ಕಥೋಲಿಕ ಧರ್ಮೋಪದೇಶ ಗ್ರಂಥವು ವಿಶ್ವಾಸದ ಪ್ರೌಢತೆಯನ್ನೂ ದೇಹದ ಪ್ರೌಢತೆಯನ್ನೂ ಒಂದೆಂದು ಎಣಿಸಬಾರದೆಂದು ಎಚ್ಚರಿಸಿದೆ. ಈ ಕೃಪೆಯು ದೇವರು ಧಾರಾಳವಾಗಿ ಕೊಡುವ ದಾನವೇ ಹೊರತು ಪರೀಕ್ಷೆಯಲ್ಲಿ ಗೆದ್ದವರಿಗೆ ಕೊಡುವ ಬಹುಮಾನವಲ್ಲ. ಪಡೆದ ಬಲವನ್ನು ಉಪಯೋಗಿಸಲು ಮಗುವಿಗೆ ಕೆಲಸ ಕೊಡಿರಿ: ರೋಗಿಯಾದ ನೆರೆಯವರನ್ನು ನೋಡಿ ಬರುವುದು, ದೇವಾಲಯದಲ್ಲಿ ವಾಚನ ಮಾಡುವುದು, ಕಿರಿಯರಿಗೆ ಪ್ರಾರ್ಥನೆ ಕಲಿಸುವುದು.

ಉಪಸಂಹಾರ

ಆ ಹುಡುಗಿಯು ಮಾರನೆಯ ವರ್ಷ ಪ್ರಥಮ ಪರಮಪ್ರಸಾದವನ್ನು ಪಡೆದಳು. ಪ್ರಶ್ನೋತ್ತರಗಳು ಆಗಲೂ ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ಸಂಜೆಯ ಹೊತ್ತು ಊದುಬತ್ತಿ ಹೊಸೆಯುತ್ತಲೇ ಅವಳ ತಾಯಿಯು ಅವಳಿಗೆ ಸ್ವಾಮಿಯ ಕಥೆಗಳನ್ನು ಹೇಳುತ್ತಿದ್ದರೆಂದು ಆಗ ನನಗೆ ತಿಳಿಯಿತು. ನಾನು ಹಲಗೆಯ ಮೇಲೆ ಬರೆದು ಕಲಿಸಲಾರದುದನ್ನು ಅವರು ಆ ಮಣೆಯ ಮುಂದೆ ಕುಳಿತು ಕಲಿಸಿದ್ದರು. ಆದರೆ ಆ ಮಗುವು ಕಾದ ಒಂದು ವರ್ಷವನ್ನು ನಾನು ಹಿಂದಕ್ಕೆ ಕೊಡಲಾರೆನು.

ಆದುದರಿಂದ, ಪ್ರಿಯ ಭಗಿನಿಯರೇ, ಮಕ್ಕಳನ್ನು ತರಗತಿಗೆ ತಪ್ಪದೆ ಕಳುಹಿಸಿರಿ. ಆದರೆ ನಿಮ್ಮ ಪಾಠವನ್ನು ನಮಗೆ ಬಿಟ್ಟುಬಿಡಬೇಡಿರಿ. ಮಗುವು ಸಿದ್ಧವಾಗಿದೆಯೆಂದು ನಿಮಗೆ ತೋರಿದಾಗ ಗುರುಗಳಿಗೂ ಉಪಾಧ್ಯಾಯಿನಿಯರಿಗೂ ಧೈರ್ಯವಾಗಿ ಹೇಳಿರಿ. ನಮಗಿಂತ ನೀವು ಅದನ್ನು ಬಲ್ಲಿರಿ. ಚಿಕ್ಕ ಮಕ್ಕಳನ್ನು ತಡೆಯದೆ ತನ್ನ ಬಳಿಗೆ ಬರಗೊಟ್ಟ ಸ್ವಾಮಿಯು ನಿಮ್ಮ ಮನೆಗಳನ್ನೂ ಮಕ್ಕಳನ್ನೂ ಆಶೀರ್ವದಿಸಲಿ.